ಎಂಟನೇ ಬೆಟ್ಟಕ್ಕೆ ಹರಕೆಯಿಲ್ಲ

ನಮ್ಮ ಮಧುಗಿರಿಯ ಮನೆಯ ಹಿತ್ತಲ ಗೋಡೆಯ ಮೇಲೆ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಬೋರಲು ಬಿದ್ದಿದ್ದರೆ ಫೋನಮ್ಮ ಬೆಟ್ಟದಿಂದ ಕ್ಷೇಮವಾಗಿ ಇಳಿದಿದ್ದಾರೆ ಎಂದರ್ಥ. ಅದನ್ನು ನೋಡಿದ ಮೇಲೆ ನಾನು ಒಲೆಯ ಮೇಲೆ ಒಂದು ಲೋಟ ನೀರು ಜಾಸ್ತಿ ಇಡುತ್ತಿದ್ದೆ. ಬೆಟ್ಟದಿಂದ ಬಂದ ದಿನ ಅವರಿಗೆ ಕಾಫಿ ಬೇಡ. ಬಿಸಿನೀರಿಗೆ ಒಂದು ಚೂರು ಬೆಲ್ಲ, ಒಂದು ಚಿಟಿಕೆ ಉಪ್ಪು. ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು, ಕಣ್ಣು ಮುಚ್ಚಿ ಕುಡಿಯುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ಸುದ್ದಿ ಬಂದದ್ದು ಫೋನಿನಲ್ಲಿ. ಅದೂ ಸರಿಯೇ ಅನ್ನಿಸಿತು. ಅವರ ತಮ್ಮನ ಮಗಳು ಮಾತಾಡಿದಳು. "ನಿಮಗೆ ಮಾತ್ರ ಖಂಡಿತ ತಿಳಿಸು ಅಂತ ಹೇಳಿಟ್ಟಿದ್ರು ಆಂಟಿ" ಅಂದಳು. ಆಮೇಲೆ ಏನು ಹೇಳಬೇಕೆಂದು ಇಬ್ಬರಿಗೂ ತಿಳಿಯದೆ, ಫೋನು ಇಡಲೂ ಮನಸ್ಸಾಗದೆ, ಸ್ವಲ್ಪ ಹೊತ್ತು ಹಾಗೇ ಇದ್ದೆವು. ಇಬ್ಬರು ಮಾತಿಲ್ಲದೆ ಲೈನಿನಲ್ಲಿರುವುದು ಅವರಿಗೆ ಬಹಳ ಇಷ್ಟವಾಗುತ್ತಿತ್ತು ಎಂದು ನೆನಪಾಯಿತು.

ಅವರ ಹೆಸರು ಬರೆಯುವುದಿಲ್ಲ. ಮದುವೆಯ ಕಾಗದದಲ್ಲಿ ಹೆಸರು ಬಂದರೂ ಮುಜುಗರಪಡುತ್ತಿದ್ದವರು ಅವರು. ನಮ್ಮ ಬೀದಿಗೆ ಅವರು ಫೋನಮ್ಮ, ಇಲ್ಲಿಯೂ ಹಾಗೇ ಇರಲಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಮಧುಗಿರಿಗೆ ಬಂದು ಒಂದೆರಡು ವರ್ಷವಾಗಿತ್ತು. ಮಾವನವರದು ಕಡಲೆಕಾಯಿ ಮಂಡಿ. ಮನೆಗೆ ಬೀದಿ ಕಡೆ ಒಂದು ರೂಮು ಇತ್ತು. ಅದಕ್ಕೆ ಬೇರೆ ಬಾಗಿಲು, ಆದರೆ ನೀರು, ಬಚ್ಚಲು, ಹಿತ್ತಲು ಎಲ್ಲ ನಮ್ಮ ಜೊತೆಯೇ. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಒಬ್ಬರು ವರ್ಗವಾಗಿ ಬಂದಿದ್ದಾರೆ, ಒಂಟಿ ಹೆಂಗಸು, ಮರ್ಯಾದಸ್ಥರು ಎಂದು ಯಾರೋ ಹೇಳಿ, ಮಾವನವರು ರೂಮು ಕೊಟ್ಟರು.

ಬಂದ ದಿನವೇ ನಾನು ಗಮನಿಸಿದ್ದು ಅವರ ತಲೆಗೂದಲು. ಬೈತಲೆಗೆ ಅಡ್ಡವಾಗಿ, ಕಿವಿಯಿಂದ ಕಿವಿಗೆ, ಕೂದಲು ಒಂದು ಗೆರೆಯಷ್ಟಗಲ ಚಪ್ಪಟೆಯಾಗಿತ್ತು. ದಿನವೂ ಹೆಡ್‌ಸೆಟ್ ಹಾಕಿ ಹಾಕಿ ಆದ ಗುರುತು. ಎಣ್ಣೆ ಹಾಕಿ ಬಾಚಿದರೂ, ತಲೆ ಸ್ನಾನ ಮಾಡಿದರೂ ಅದು ಹೋಗುತ್ತಿರಲಿಲ್ಲ. ಯೋಚನೆ ಬಂದಾಗ ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿಕೊಳ್ಳುವುದು ಅಭ್ಯಾಸ. ಮಾತು ಕಡಿಮೆ. ಆಡಿದರೆ ಅರ್ಧ ಎಕ್ಸ್‌ಚೇಂಜಿನ ಭಾಷೆ. ಆಕಾಶ ತಿಳಿಯಾಗಿದ್ದರೆ "ಇವತ್ತು ಲೈನ್ ಕ್ಲಿಯರ್" ಎನ್ನುವರು. ಬೆಟ್ಟದ ತಲೆಗೆ ಮೋಡ ಮುಸುಕಿದ್ದರೆ "ಎಂಗೇಜ್ ಆಗಿದೆ, ಆಮೇಲೆ ನೋಡೋಣ" ಎನ್ನುವರು.

ಕೇಳಿದ ನಂಬರಿಗೆ ಆಪರೇಟರೇ ಪ್ಲಗ್ ಸಿಕ್ಕಿಸಿ ಲೈನು ಕೊಡಬೇಕಾಗಿದ್ದ, ಎಲ್ಲರ ಮಾತೂ ಅವರ ಕಿವಿಯ ಮೂಲಕವೇ ಹೋಗಬೇಕಾಗಿದ್ದ ಕಾಲ ಅದು. ನಮ್ಮತ್ತೆಗೆ ಅದರ ಮೇಲೆ ಬಲು ಆಸೆ. ಅಕ್ಕಿ ಆರಿಸುತ್ತಾ ಮೆಲ್ಲಗೆ ತೆಗೆಯುತ್ತಿದ್ದರು. "ಅಲ್ಲಾ ಕಣಮ್ಮ, ಊರೋರ ಮಾತೆಲ್ಲ ನಿನ್ ಕಿವೀಗೆ ಬೀಳ್ತದೆ. ಆ ಬಟ್ಟೆ ಅಂಗ್ಡಿಯೋನು ಬೆಂಗ್ಳೂರಿಗೆ ದಿನಾ ಫೋನ್ ಮಾಡ್ತಾನಂತಲ್ಲ, ಯಾರ್ ಕೂಡೆ ಮಾತಾಡ್ತಾನೆ?"

"ಪ್ಲಗ್ ಎಳೆದ ತಕ್ಷಣ ಮರೆತುಹೋಗುತ್ತಮ್ಮ."

"ಅಂಗಾದ್ರೆ ಎಳಿಯೋಕ್ ಮುಂಚೆ ಹೇಳು."

ಅವರು ನಕ್ಕುಬಿಡುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಂದು ಮಾತೂ ಅತ್ತೆಗೆ ದಕ್ಕಲಿಲ್ಲ.

ವಾರದ ರಜೆ ಅವರಿಗೆ ಭಾನುವಾರವೇ ಸಿಗುತ್ತಿರಲಿಲ್ಲ, ಒಮ್ಮೆ ಮಂಗಳವಾರ, ಒಮ್ಮೆ ಗುರುವಾರ. ಮೊದಲ ರಜೆಯ ದಿನ ಬೆಳಕು ಹರಿಯುತ್ತಲೇ ಅವರ ಬಾಗಿಲು ತೆರೆಯಿತು. ನಾನು ರಂಗೋಲಿ ಹಾಕುತ್ತಿದ್ದೆ. ಹತ್ತಿಯ ಸೀರೆಯನ್ನು ಹಿಮ್ಮಡಿ ಕಾಣುವಷ್ಟು ಮೇಲೆ ಉಟ್ಟು, ನೆರಿಗೆಗೆ ಎರಡು ಕಡೆ ಸೇಫ್ಟಿ ಪಿನ್ ಹಾಕಿದ್ದರು. ಕಾಲಿಗೆ ಡ್ರಿಲ್ ಮೇಷ್ಟ್ರು ಹಾಕುವಂಥ ಬಿಳಿ ಶೂ. ಹೆಗಲಿಗೆ ಬಟ್ಟೆ ಚೀಲ, ಅದರೊಳಗೆ ನೀರಿನ ಬಾಟಲಿ, ಹುರಿಗಡಲೆ. ಕೈಯಲ್ಲಿ ಗಂಡಸರ ಕರಿ ಕೊಡೆ. ನನ್ನ ರಂಗೋಲಿ ತುಳಿಯದಂತೆ ಸುತ್ತಿ ಬಳಸಿ ದಾಟಿ ಹೋದರು.

ಎದುರು ಮನೆಯ ಕಟ್ಟೆಯಿಂದ ಯಾರೋ ಕೇಳಿದರು. "ಎಲ್ಗಮ್ಮ ಇಷ್ಟೊತ್ಗೆ?"

"ಬೆಟ್ಟಕ್ಕೆ."

"ಒಬ್ಳೇನಾ? ಯಾಕೆ?"

"ಸುಮ್ಮನೆ."

ಬೀದಿಗೆ ತಲೆನೋವು ಶುರುವಾದದ್ದು ಈ ಪದದಿಂದ.

ನಮ್ಮೂರಿನ ಬೆಟ್ಟವನ್ನು ನೋಡಿದವರಿಗೆ ಗೊತ್ತು. ಅದು ಊರಿನ ಹಿಂದೆ ಇರುವುದಿಲ್ಲ, ಊರಿನ ಮೇಲೆ ಇರುತ್ತದೆ. ಒಂದೇ ಕಲ್ಲು. ಯಾವ ಹಿತ್ತಲಿನಿಂದ ತಲೆ ಎತ್ತಿದರೂ ಅದೇ. ಆದರೂ ಬೀದಿಯ ಹೆಂಗಸರಲ್ಲಿ ಅದನ್ನು ಹತ್ತಿದವರು ಯಾರೂ ಇರಲಿಲ್ಲ. ಹತ್ತುವುದಕ್ಕೆ ಕಾರಣ ಬೇಕಲ್ಲ? ದೇವರಿದ್ದರೆ ಹೋಗಬಹುದು, ಮಗುವಿನ ಮುಡಿಯಿದ್ದರೆ ಹೋಗಬಹುದು, ಮೇಕೆ ತಪ್ಪಿಸಿಕೊಂಡರೆ ಹೋಗಬಹುದು. ಸುಮ್ಮನೆ ಹೋಗುವುದು ಹೇಗೆ? ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಪೋಸ್ಟಾಫೀಸಿಗೆ ಹೋಗುವುದಾದರೂ ಇಬ್ಬಿಬ್ಬರೇ ಹೋಗುತ್ತಿದ್ದರು. ನಮ್ಮನ್ನೂ ಹಾಗೆಯೇ ಜೋಡಿ ಸಾಲಿನಲ್ಲಿ ನಡೆಸುತ್ತಿದ್ದರು. ಬೀದಿಯಲ್ಲಿ ಒಬ್ಬಳೇ ನಡೆದರೆ ಎಡಗೈ ಪಕ್ಕ ಏನೋ ಖಾಲಿ ಖಾಲಿ ಅನ್ನಿಸುವುದು ನನಗೆ ಮದುವೆಯಾದ ಮೇಲೂ ಹೋಗಿರಲಿಲ್ಲ.

ಅತ್ತೆ ಅವರನ್ನು ಹೆದರಿಸಿ ನೋಡಿದರು. "ಮೇಲೆ ಹೆಜ್ಜೇನದೆ ಕಣಮ್ಮ. ಎದ್ಬುಟ್ರೆ ಗಂಡ್ಸು ಹೆಂಗ್ಸು ಅಂತ ನೋಡ್ತವಾ?"

"ಅದಕ್ಕೇ ಅಮ್ಮ ನಂಗೆ ಅವು ಇಷ್ಟ."

ಅತ್ತೆ ಒಳಗೆ ಬಂದು ನನಗೆ ಹೇಳಿದರು, "ಬಾಯ್ ಜೋರಾಗೈತೆ ಇವಳ್ದು." ಹೇಳುವಾಗ ಸ್ವಲ್ಪ ನಗುವೂ ಇತ್ತು.

ಬೆಟ್ಟ ಆದ ಮೇಲೆ ಅತ್ತೆಯ ತಕರಾರು ಇದ್ದದ್ದು ಆ ಶೂಗಳ ಮೇಲೆ. ಹಿತ್ತಲಿನಲ್ಲಿ ಒಂದು ಕಲ್ಲುಕಟ್ಟೆ. ಬೇವಿನಮರದ ನೆರಳು ತಪ್ಪಿ ದಿನವೆಲ್ಲ ಬಿಸಿಲು ಬೀಳುವುದು ಅದೊಂದೇ ಜಾಗಕ್ಕೆ. ಅದು ಅತ್ತೆಯ ಹಪ್ಪಳ, ಸಂಡಿಗೆ, ಮೆಣಸಿನಕಾಯಿಯ ಸ್ವಂತ ಆಸ್ತಿ. ಮೊದಲ ಸಲ ಫೋನಮ್ಮ ತೊಳೆದ ಶೂಗಳನ್ನು ಅದರ ಒಂದು ಮೂಲೆಯಲ್ಲಿಟ್ಟಾಗ ಅತ್ತೆ ಹೌಹಾರಿದರು. "ಊರ್ ಮ್ಯಾಲಿನ್ ಬೆಟ್ಟ ಎಲ್ಲಾ ತುಳ್ದಿರೋ ಬೂಟ್ನ ಹಪ್ಪಳದ ಪಕ್ಕ ಮಡಗ್ತಾರೇನಮ್ಮ?" ಫೋನಮ್ಮ ಮಾತಾಡದೆ ಶೂಗಳನ್ನೆತ್ತಿ ನೆರಳಿನ ಗೋಡೆಯ ಮೇಲಿಟ್ಟರು. ಅಲ್ಲಿ ಅವು ಒಣಗಲು ಎರಡು ದಿನ ಹಿಡಿಯುತ್ತಿತ್ತು. ತಾವಾಗಿ ಮತ್ತೆಂದೂ ಅವನ್ನು ಕಟ್ಟೆಯ ಕಡೆ ತರಲಿಲ್ಲ.

ನನಗೆ ಅವರ ಸೀರೆಯ ಅಂಚೇ ಭೂಗೋಳದ ಪಾಠ. ಹಿತ್ತಲಲ್ಲಿ ಕೂತು ಅಂಚಿನಿಂದ ಹುಲ್ಲಿನ ಮುಳ್ಳು ಬಿಡಿಸುವಾಗ ನಾನೂ ಒಂದು ತುದಿ ಹಿಡಿದು ಕೂರುತ್ತಿದ್ದೆ. ಮಿಡಿಗೇಶಿಯ ಕೋಟೆಗೆ ಹೋದ ದಿನ ಮೇಕೆಯ ರೋಮ ಅಂಟಿರುತ್ತಿತ್ತು. ಕೊರಟಗೆರೆಯ ಸಿದ್ಧರಬೆಟ್ಟದ ದಿನ ಯಾವುದೋ ಎಲೆಯ ವಾಸನೆ, ಒಗೆದರೂ ಹೋಗದ್ದು. ಸಿರಾ ದಾಟಿ ಬುಕ್ಕಾಪಟ್ಟಣದ ಕುರುಚಲು ಕಾಡಿಗೆ ಹೋಗಿ ಬಂದರೆ ಜಾಲಿಮುಳ್ಳು, ಕೆಂಪು ಧೂಳು. ಅಲ್ಲಿ ಒಂದು ಹುಲ್ಲೆ ತಮ್ಮನ್ನು ನೋಡಿತಂತೆ. "ನಾನು ಅದನ್ನ ನೋಡಿದ್ದಲ್ಲ" ಎಂದು ತಿದ್ದಿದರು. "ಅದು ನನ್ನ ನೋಡಿದ್ದು. ನಾನು ಆಮೇಲೆ ನೋಡಿದೆ."

ಅದೇ ಕಾಡಿನ ದಾರಿಯಲ್ಲಿ ಒಬ್ಬ ಸೈಕಲ್ಲಿನವನು ಅವರ ಹಿಂದೆ ಬಿದ್ದಿದ್ದನಂತೆ. ಅವರು ನಿಂತರೆ ಅವನೂ ಇಳಿಯುವುದು, ನಡೆದರೆ ತುಳಿಯುವುದು. ಸುತ್ತ ಒಂದು ನರಪಿಳ್ಳೆಯಿಲ್ಲ. ಎದೆ ಬಾಯಿಗೆ ಬಂದಿತ್ತು ಎಂದು ಅವರೇ ಹೇಳಿದರು. ಧೈರ್ಯವಂತೆ ಎಂದು ತೋರಿಸಿಕೊಳ್ಳುವ ಚಟ ಅವರಿಗೆ ಇರಲಿಲ್ಲ.

"ಏನ್ ಮಾಡಿದ್ರಿ ಮತ್ತೆ?"

"ತಿರುಗಿ ನಿಂತೆ. ಬಾಯಿಗೆ ಏನೂ ಬರಲಿಲ್ಲ ನೋಡಿ. ಕೊನೆಗೆ ಬಂದಿದ್ದು ದಿನಾ ಬರೋದೇ. 'ನಂಬರ್ ಪ್ಲೀಸ್' ಅಂದುಬಿಟ್ಟೆ."

"ಅಯ್ಯೋ!"

"ಅವನು ಗಕ್ಕನೆ ನಿಂತ. 'ಎಕ್ಸ್‌ಚೇಂಜಿನ್ ಮೇಡಮ್ಮೋರಾ?' ಅಂದ. ಹೂಂ, ಯಾರ ಹತ್ರ ಮಾತಾಡಬೇಕು ಹೇಳಿ ಅಂದೆ. ಸೈಕಲ್ ತಿರುಗಿಸಿಕೊಂಡು ಹೋದವನು ಹಿಂದೆ ನೋಡಲಿಲ್ಲ." ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.   ಮುಂದಿನ ರಜೆಗೆ ಮತ್ತೆ ಅದೇ ಕಡೆ ಹೋದರು. "ಹೋಗದೆ ಇದ್ರೆ ಆ ದಾರಿ ಅವನದಾಗಿಬಿಡುತ್ತೆ" ಎಂದು ಅಷ್ಟೇ ಹೇಳಿದರು.

ಎಲ್ಲಿ ಹೋದರೂ ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಒಬ್ಬಳೇ ಹೋಗುತ್ತೀಯಾ, ಯಾಕೆ ಎಂದು. ಸಿರಾದ ಬಸ್‌ಸ್ಟ್ಯಾಂಡಿನಲ್ಲಿ ಬಳೆ ಮಾರುವ ಮುದುಕಿ, "ಅಕೇಲೀಚ್ ಜಾರೈ ಕ್ಯಾ ಬೇಟಿ? ಕೈಕು?" ಎಂದಳಂತೆ. ಪಾವಗಡದ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, "ಒಕ್ಕದಾನಿವೇ ಪೋತಾವಾಮ್ಮಾ? ಎಂದುಕು?" ಎಂದಳಂತೆ. ಅವರು ಉತ್ತರವನ್ನು ಆಯಾ ಊರಿನಲ್ಲೇ ಕಲಿತುಕೊಂಡಿದ್ದರು. ಸಿರಾದಲ್ಲಿ "ಐಸೇಚ್." ಪಾವಗಡದ ಕಡೆ "ಊರ್ಕೆ." ಮಿಡಿಗೇಶಿಯ ಮೇಕೆ ಕಾಯುವ ಹೆಂಗಸಿಗೆ "ಸುಮ್ಕೆ."

"ಪದ ಎಲ್ಲರ ಹತ್ರಾನೂ ಇದೆ" ಎನ್ನುತ್ತಿದ್ದರು. "ಆದ್ರೆ ನಂಬೋರು ಮಾತ್ರ ಯಾರೂ ಇಲ್ಲ."

ನಂಬದವರಲ್ಲಿ ನಾನೂ ಒಬ್ಬಳು. ಅತ್ತೆ ನೆಂಟರ ಮದುವೆಗೆಂದು ಬರಗೂರಿಗೆ ಹೋಗಿದ್ದ ದಿನ ಧೈರ್ಯ ಮಾಡಿ, "ನಾನೂ ಬರಲಾ?" ಅಂದೆ. ಅವರು ಬಲಗಿವಿ ಒತ್ತಿಕೊಂಡು ಯೋಚಿಸಿದರು. ಅವರ ಒಂಟಿತನಕ್ಕೆ ನಾನು ಕಾಲಿಡುತ್ತಿದ್ದೇನೆ ಎಂದು ನನಗೆ ಆಗ ಹೊಳೆಯಲಿಲ್ಲ.

"ಬನ್ನಿ. ಆದ್ರೆ ಇಬ್ಬರೂ ಒಬ್ಬೊಬ್ಬರೇ ಹೋಗೋಣ."

ಹಾಗೆಯೇ ಹೋದೆವು. ಅವರು ಮುಂದೆ, ನಾನು ಕೂಗಿದರೆ ಕೇಳುವಷ್ಟು ಹಿಂದೆ. ನಮ್ಮೂರ ಬೆಟ್ಟದ ಕೋಟೆಯ ಮೊದಲ ಬಾಗಿಲು ದಾಟುವ ಹೊತ್ತಿಗೆ ನನಗೆ ಏದುಸಿರು. ಆದರೂ ಬಾಯಿ ಸುಮ್ಮನಿರದು. ಇದೇನು, ಅದೇನು, ಇನ್ನೆಷ್ಟು ದೂರ ಎಂದು ಕೂಗಿ ಕೂಗಿ ಕೇಳುತ್ತಿದ್ದೆ. ಅವರು ನಿಂತು ಹೇಳಿದರು, "ಉಸಿರಿಗಿರೋದು ಒಂದೇ ಲೈನು. ಕಾಲಿಗೆ ಕೊಡ್ತೀರೋ, ಬಾಯಿಗೆ ಕೊಡ್ತೀರೋ ನೋಡಿ." ಕಾಲಿಗೆ ಕೊಟ್ಟೆ. ಬಂಡೆಗೆ ಕೊರೆದ ಮೆಟ್ಟಿಲು ಸವೆದು ಬರೀ ಗುಳಿಗಳಾಗುವ ಜಾಗ ಬಂತು. ಅಲ್ಲಿಗೇ ಕೂತುಬಿಟ್ಟೆ. ಅವರು ಇಳಿದು ಬಂದು, ಪಕ್ಕದಲ್ಲಲ್ಲ, ಸ್ವಲ್ಪ ದೂರದಲ್ಲಿ, ಬೆಟ್ಟಕ್ಕೆ ಬೆನ್ನು ಮಾಡಿ ಕೂತರು.

"ನಿಜ ಹೇಳಿ, ಯಾಕೆ ಬರ್ತೀರಿ?" ಅಂದೆ.

"ಸುಮ್ಮನೆ" ಅಂದರು. ಅಂದು, ಸುಮ್ಮನಾದರು.

ಆ ಪದ ನನ್ನ ಕಿವಿಗೆ ಆವತ್ತು ಬೇರೆಯೇ ಕೇಳಿಸಿತು. ಸಿಸ್ಟರು ತುಟಿಯ ಮೇಲೆ ಬೆರಳಿಟ್ಟು "ಸುಮ್ಮನೆ ಕೂತ್ಕೋಬೇಕು" ಎನ್ನುತ್ತಿದ್ದರಲ್ಲ, ಆ ಸುಮ್ಮನೆ. ಕೆಳಗೆ ಊರು ಇತ್ತು, ಬಸ್ಸು ಓಡಾಡುತ್ತಿದ್ದವು, ಸದ್ದು ಮಾತ್ರ ಮೇಲೆ ಹತ್ತುತ್ತಿರಲಿಲ್ಲ. ಎಷ್ಟೋ ಹೊತ್ತಿಗೆ ಗಾಳಿ ಕಲ್ಲಿಗೆ ತಾಗುವುದೂ ಕೇಳತೊಡಗಿತು. ತಿರುಗಿ ನೋಡಿದರೆ ಅವರ ಬಲಗೈ ಮಡಿಲಲ್ಲಿ ಬಿಡುವಾಗಿ ಬಿದ್ದಿತ್ತು, ಕಿವಿಯ ಹತ್ತಿರ ಹೋಗಿರಲಿಲ್ಲ. ದಿನವೆಲ್ಲ ಹಲೋ ಹಲೋ ಎನ್ನುವ ಕಿವಿ ಅದು. ನಾನು ಮತ್ತೆ ಪ್ರಶ್ನೆ ಕೇಳಲಿಲ್ಲ.

ಬೀದಿ ಮಾತ್ರ ಕೇಳುತ್ತಲೇ ಇತ್ತು. ಉತ್ತರ ಸಿಗದ ಕಡೆ ಜನ ತಾವೇ ಉತ್ತರ ಇಡುತ್ತಾರೆ. ಬೆಟ್ಟದ ಮೇಲೆ ಯಾರೋ ಇದ್ದಾನೆ ಎಂದರು. ಯಾರೋ ಅಲ್ಲ, ಲಾರಿಯವನು ಎಂದರು. ಮಂಡಿಯಲ್ಲಿ ಒಬ್ಬ ಗಿರಾಕಿ ಮಾವನವರ ಎದುರಿಗೇ ಆಡಿ ನಕ್ಕನಂತೆ. ಆ ಹೊತ್ತಿಗೆ ನನ್ನ ನಾದಿನಿಗೆ ಕೊರಟಗೆರೆ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣು ನೋಡಲು ಬರುವವರಿದ್ದರು. ಮಾವ ಊಟಕ್ಕೆ ಕೂತವರು ತಲೆಯೆತ್ತದೆ ಅತ್ತೆಗೆ ಹೇಳಿದರು, "ಅವ್ರು ಬರೋದ್ರೊಳ್ಗೆ ಆ ರೂಮು ಖಾಲಿ ಮಾಡ್ಸು. ಹೆಣ್ಣಿರೋ ಮನೆ."

ಬೇರೆ ಮನೆ ಯಾರು ಕೊಡುತ್ತಾರೆ? ಇಲ್ಲಿಂದ ಹೊರಗೆ ಹಾಕಿದರು ಎಂದರೆ ಊರಲ್ಲೆಲ್ಲೂ ಅವರಿಗೆ ಬಾಗಿಲು ತೆರೆಯುವುದಿಲ್ಲ. ಉಳಿದದ್ದು ಒಂದೇ ದಾರಿ, ಬೆಟ್ಟ ಬಿಟ್ಟು ಮನೆಯಲ್ಲಿರುವುದು. ಅದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅತ್ತೆ ಆವತ್ತು ಸಂಜೆ ನೀರಿಗೆ ತಾವೇ ಹೋದರು. ಸಾಮಾನ್ಯವಾಗಿ ನಾನು ಹೋಗುವುದು. ಬೀದಿ ನಲ್ಲಿಯ ಹತ್ತಿರ ಕೊಡ ತುಂಬುವಷ್ಟರಲ್ಲಿ ಕೆಲಸ ಮುಗಿಸಿದ್ದರು. "ನಿಮ್ಗೊತ್ತಿಲ್ವಾ? ಪಾಪ, ಅವಳ ತಮ್ಮುನ್ಗೆ ಚಿಕ್ಕೋನಿದ್ದಾಗ ಕಾಲು ಬಿದ್ದೋಗಿತ್ತಂತೆ. ಅವ್ನು ಎದ್ದು ಓಡಾಡಂಗಾದ್ರೆ ಏಳು ಬೆಟ್ಟ ಒಬ್ಳೇ ಹತ್ತಿ ಬತ್ತೀನಿ ಅಂತ ಹರ್ಕೆ ಹೊತ್ಕೊಂಡವ್ಳೆ. ಹೇಳ್ಕೊಂಡ್ರೆ ಫಲ ಇಲ್ಲ ಅಂತ ಸುಮ್ಕೆ ಅಂತಾಳೆ."

ಬೀದಿ ಒಂದೇ ದಿನದಲ್ಲಿ ಬದಲಾಯಿತು! ಲಾರಿಯವನು ಮಾಯವಾದ. ಮುಂದಿನ ರಜೆಯ ಬೆಳಿಗ್ಗೆ ಎರಡು ಮನೆಯವರು ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಬ್ಬರು ಕರ್ಪೂರ ಕೊಟ್ಟರು. ಕಟ್ಟೆಯ ಮೇಲಿನ ಗಂಡಸರು ಎದ್ದು ದಾರಿ ಬಿಟ್ಟರು. ಮಾವ ಕೂಡ ಅವರನ್ನು ಕಂಡು ಮೊದಲ ಸಲ, "ಹುಷಾರಾಗಿ ಹೋಗ್ಬನ್ನಿ" ಎಂದರು. ಹರಕೆಯಾದರೆ ರೂಮು ಖಾಲಿ ಮಾಡಿಸುವ ಮಾತೇ ಇಲ್ಲ.

ಫೋನಮ್ಮ ಹಿತ್ತಲಿಗೆ ಬಂದು ನನ್ನನ್ನು ಕೇಳಿದರು, "ಇವರೆಲ್ಲ ನಂಗ್ಯಾಕೆ ಕಾಯಿ ಕೊಡ್ತಿದ್ದಾರೆ?" ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಮೊದಲು ನಕ್ಕರು. ಅದೇ ವಾರ ಅವರ ತಮ್ಮ ಅಕ್ಕನನ್ನು ನೋಡಲು ಬಂದಿದ್ದ. ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಗಟ್ಟಿ ಆಳು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ಅವನ ಕಾಲನ್ನೇ ನೋಡಿದರು. "ಹೆಂಗ್ ನಡೀತಾನೆ ನೋಡ್ರೇ, ದೇವ್ರು ದೊಡ್ಡೋನು!" ಅವನು ಗಾಬರಿಯಾಗಿ ಪ್ಯಾಂಟು ಹರಿದಿದೆಯೇನೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡ. ಅವತ್ತು ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು.

ನಗು ನಿಂತದ್ದು ಎದುರು ಮನೆಯ ಸೊಸೆ ಬಂದ ದಿನ. ಮದುವೆಯಾಗಿ ಬಹಳ ವರ್ಷವಾಗಿಯೂ ಮಕ್ಕಳಿರಲಿಲ್ಲ ಆಕೆಗೆ. ಸೆರಗಿನೊಳಗಿನಿಂದ ಅಂಗೈಯಗಲದ ಒಂದು ಮರದ ತೊಟ್ಟಿಲು ತೆಗೆದು ಫೋನಮ್ಮನ ಕೈಯಲ್ಲಿಟ್ಟಳು. "ಮೇಲೆ ಯಾವ್ದಾರ ಮರುಕ್ಕೆ ಕಟ್ಟಿ ಬಾ ಅಕ್ಕ. ನಿನ್ ಹರ್ಕೆ ನಡೀತು, ನಂದೂ ನಡೀಲಿ." ಅಷ್ಟು ಹೇಳಿ, ಯಾರಾದರೂ ನೋಡಿಯಾರೆಂದು ಓಡಿಹೋದಳು. ಫೋನಮ್ಮ ಆ ತೊಟ್ಟಿಲನ್ನು ಕಿಟಕಿಯ ಮೇಲಿಟ್ಟು ಬಹಳ ಹೊತ್ತು ನೋಡುತ್ತಾ ಕೂತರು. ಮಾರನೆಯ ದಿನ ಆಕೆಯನ್ನು ಒಳಗೆ ಕರೆದು, ಬಾಗಿಲು ಹಾಕಿ, ಅದನ್ನು ಹಿಂದಕ್ಕೆ ಕೊಟ್ಟರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಆಕೆ ಅತ್ತ ಕಣ್ಣಲ್ಲಿ ಹೊರಗೆ ಬಂದಳು, ಆದರೆ ಬೀದಿಗೆ ಒಂದು ಮಾತೂ ಹೇಳಲಿಲ್ಲ.

ಆಮೇಲೆ ಫೋನಮ್ಮ ನೇರ ಹಿತ್ತಲಿಗೆ ಬಂದರು. ಅತ್ತೆ ಹಪ್ಪಳ ಒತ್ತುತ್ತಿದ್ದರು.

"ಅಮ್ಮ, ನನ್ನ ಹರಕೆ ಎಷ್ಟು ಬೆಟ್ಟದ್ದು?"

ಅತ್ತೆ ಕಕ್ಕಾಬಿಕ್ಕಿಯಾದರು. ಆದರೂ ಸಾವರಿಸಿಕೊಂಡು, "ಏಳು" ಎಂದರು.

"ಎಷ್ಟು ಆಗಿವೆ?"

ಅತ್ತೆ ಹಿಟ್ಟಿನ ಬೆರಳು ಮಡಚಿದರು. "ನಮ್ಮೂರುದ್ದು, ಮಿಡಿಗೇಶಿದು, ಪಾವಗಡುದ್ದು, ಚನ್ನರಾಯನದುರ್ಗ, ಸಿದ್ಧರಬೆಟ್ಟ. ಐದಾಯ್ತು ಕಣಮ್ಮ. ಇನ್ನೆಲ್ಡು ನಿಧಾನುಕ್ ಹತ್ತು, ಅವಸರ ಏನದೆ?"

"ಎಂಟನೇದಕ್ಕೆ ಏನು ಹೇಳಲಿ?"

"ಎಂಟ್ನೇದು ಯಾಕಮ್ಮ? ಹರ್ಕೆ ತೀರುದ್ಮೇಲೆ ನೆಮ್ಮದಿಯಾಗಿ ಮನೇಲಿರು."

"ಅದಕ್ಕೇ ನಂಗೆ ಹರಕೆ ಬೇಡಮ್ಮ. ಅದು ತೀರಿಹೋಗುತ್ತೆ."

ಅತ್ತೆ ಲಟ್ಟಣಿಗೆ ಕೆಳಗಿಟ್ಟರು. "ನಾನು ಯಾಕೆ ಸುಳ್ಳೇಳ್ದೆ ಅಂದ್ಕೊಂಡಿದ್ದೀಯ? ನಮ್ಮೆಜಮಾನ್ರು ನಿನ್ನ ಖಾಲಿ ಮಾಡ್ಸು ಅಂತ ಕುಂತವ್ರೆ. ಹೆಣ್ಣು ನೋಡೋರು ಬಂದೋಗೋ ಗಂಟ ಬಾಯ್ ಮುಚ್ಕೊಂಡಿರು ತಾಯಿ. ಅಷ್ಟೇ."

"ನಾನಾಗಿ ಹೇಳಲ್ಲ. ಕೇಳಿದ್ರೆ..."

"ಕೇಳುದ್ರೆ?"

"ಕೇಳಿದ ನಂಬರ್‌ಗೇ ಕನೆಕ್ಷನ್ ಕೊಡಬೇಕಮ್ಮ. ಗೊತ್ತಿದ್ದೂ ರಾಂಗ್ ನಂಬರ್ ಕೊಡಕ್ಕಾಗಲ್ಲ."

ಕೇಳುವವರು ಬಂದೇ ಬಂದರು. ಗಂಡಿನ ಕಡೆಯವರಲ್ಲಿ ಒಬ್ಬ ಅಜ್ಜಿ ಇದ್ದರು, ಹುಡುಗನ ತಂದೆಯ ತಾಯಿ. ನಡುಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಕೇಸರಿಬಾತು ತಿನ್ನುತ್ತಿದ್ದರು. ಹಣೆಯ ತುಂಬ ವಿಭೂತಿ, ಕಿವಿಯಲ್ಲಿ ಹಳೆಯ ಕಾಲದ ಬುಗುಡಿ. ಅದೇ ಹೊತ್ತಿಗೆ ಡ್ಯೂಟಿ ಮುಗಿಸಿಬಂದ ಫೋನಮ್ಮ ಕೈಕಾಲು ತೊಳೆಯಲು ಹಿತ್ತಲಿಗೆ ಹಾದು ಹೋಗಬೇಕಾಯಿತು. ತಲೆ ತಗ್ಗಿಸಿಕೊಂಡು ಗೋಡೆಯ ಪಕ್ಕ ಹೊರಟಿದ್ದರು.

"ಇವ್ಳೇನಾ ಬೆಟ್ಟುದ್ ಹರ್ಕೆ ಹೊತ್ತಿರೋಳು?" ಅಜ್ಜಿ ಕೈಬೀಸಿ ಕರೆದರು. "ಬಾರವ್ವ ಇಲ್ಲಿ. ನಮ್ ಹುಡ್ಗೀಗೆ ನಿನ್ ಕೈಯಾಗೆ ಒಂದು ಹೂ ಮುಡ್ಸು. ಹರ್ಕೆ ಹೊತ್ತ ಕೈ."

ಮಾವ ನಗುನಗುತ್ತಾ ಹೂವಿನ ತಟ್ಟೆ ಮುಂದಕ್ಕೆ ಸರಿಸಿದರು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು, ಉಗುರು ಇಳಿಯುವಷ್ಟು ಬಿಗಿಯಾಗಿ.

ಫೋನಮ್ಮ ಬಲಗಿವಿ ಒತ್ತಿಕೊಂಡರು. "ಹರಕೆ ಇಲ್ಲ ಅಜ್ಜಿ. ಅದು ಯಾರೋ ನನ್ನ ಮೇಲಿನ ಪ್ರೀತಿಗೆ ಹೇಳಿದ ಮಾತು. ನಾನು ಸುಮ್ಮನೆ ಹೋಗ್ತೀನಿ."

ಮಾವನ ಕೈ ತಟ್ಟೆಯ ಮೇಲೇ ನಿಂತಿತು. ಗಂಡಿನ ತಂದೆ ಕೆಮ್ಮಿದರು. ಅಜ್ಜಿ ಮಾತ್ರ ಬಾಯಲ್ಲಿದ್ದ ಕೇಸರಿಬಾತನ್ನು ನಿಧಾನವಾಗಿ ನುಂಗಿ, ಮುಖವೆತ್ತಿ ನೋಡಿದರು.

"ಚನ್ನರಾಯನದುರ್ಗಕ್ಕೂ ಹೋಗಿದ್ಯಾ?"

"ಹೋಗಿದ್ದೀನಿ."

"ಮ್ಯಾಲಿಂದ ನಮ್ಮ ಹಟ್ಟಿ ಕಾಣ್ತದಾ? ಬುಡದಾಗೇ ಅದೆ. ಎಲ್ಡು ಹುಣ್ಸೆಮರ, ಪಕ್ದಾಗೆ ಬಾವಿ."

"ಕಾಣುತ್ತೆ ಅಜ್ಜಿ. ಬಾವಿ ಕನ್ನಡಿ ಚೂರಿನ ಹಾಗೆ ಹೊಳೀತಿತ್ತು. ಮರ ಎರಡೂ ಸೇರಿ ಒಂದೇ ಥರ ಕಾಣುತ್ತೆ. ಯಾರೋ ಕೆಂಪು ಸೀರೆ ಒಣಗಿ ಹಾಕಿದ್ರು."

"ನಂದೇ ಇರ್ಬೇಕು." ಅಜ್ಜಿ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಮದ್ವೆಯಾಗಿ ಬಂದ್ಲಾಗಾಯ್ತು ಕೆಳ್ಗಿಂದ ಬೆಟ್ಟ ನೋಡ್ಕೊಂಡೇ ಇದ್ದೀನಿ. ಅಲ್ಲಿಂದ ನಾನೆಂಗೆ ಕಾಣ್ತೀನಿ ಅಂತ ಒಂದಿನಾನೂ ಅನ್ನುಸ್ಲಿಲ್ಲ ನೋಡು."

ಹೂವನ್ನು ಯಾರು ಮುಡಿಸಿದರೋ ನೆನಪಿಲ್ಲ. ನಾಲ್ಕು ದಿನ ಬಿಟ್ಟು ಕೊರಟಗೆರೆಯಿಂದ ಜವಾಬು ಬಂತು, ಜಾತಕ ಕೂಡಿಬರಲಿಲ್ಲ ಎಂದು. ಇರಬಹುದು. ಮಾವ ಮಾತ್ರ ನಂಬಲಿಲ್ಲ. "ತಿಂಗ್ಳು ತುಂಬೋದ್ರೊಳ್ಗೆ ಹೊರಡ್ಲಿ. ನೀನೇ ಹೇಳು ಅವ್ಳಿಗೆ" ಎಂದು ಅತ್ತೆಗೆ ಕಟ್ಟಪ್ಪಣೆಯಾಯಿತು. ಅತ್ತೆಗೂ ಸಿಟ್ಟಿತ್ತು. ನಾಲ್ಕು ಜನರ ಮುಂದೆ ಸುಳ್ಳಿಯಾದೆ ಎಂದು ಫೋನಮ್ಮನ ಜೊತೆ ಮಾತು ಬಿಟ್ಟಿದ್ದರು. ಕೊಡ ಇಡುವಾಗ ಸದ್ದು ಜಾಸ್ತಿ, ಬಾಗಿಲು ಹಾಕುವಾಗ ಸದ್ದು ಜಾಸ್ತಿ.

ಒಂದು ಮಧ್ಯಾಹ್ನ ಹಪ್ಪಳ ಹರಡುತ್ತಾ ಅತ್ತೆಯ ಕೈ ನಿಂತಿತು. ತಲೆ ಎತ್ತಿ ಬೆಟ್ಟ ನೋಡಿದರು. ಫೋನಮ್ಮ ಬಚ್ಚಲ ಹತ್ತಿರ ಬಟ್ಟೆ ಹಿಂಡುತ್ತಿದ್ದರು. ಅತ್ತೆ ಅವರ ಮುಖ ನೋಡದೆ ಬೆಟ್ಟಕ್ಕೇ ಕೇಳಿದಂತೆ ಕೇಳಿದರು.

"ಅಲ್ಲಿಂದ ನಮ್ಮನೇನೂ ಕಾಣ್ತದಾ?"

"ಕಾಣುತ್ತಮ್ಮ."

"ಹೆಂಗೆ ಗುರುತು?"

"ಈ ಕಟ್ಟೆ. ನೀವು ಹಪ್ಪಳ ಹಾಕಿದ ದಿನ ಊರಲ್ಲೆಲ್ಲ ಇದೊಂದೇ ಬೆಳ್ಳಗೆ ಹೊಳೆಯುತ್ತೆ. ನಾನು ಮೇಲೆ ಹೋಗಿ ಮೊದಲು ಹುಡುಕೋದೇ ಇದನ್ನ."

ಅತ್ತೆ ಒಂದು ಹಪ್ಪಳ ಎತ್ತಿ, ಮತ್ತೆ ಅದೇ ಜಾಗದಲ್ಲಿಟ್ಟರು.

ಮರುದಿನ ಫೋನಮ್ಮನಿಗೆ ರಜೆ. ಬೆಳಿಗ್ಗೆಯೇ ಮಿಡಿಗೇಶಿ ಬಸ್ಸು ಹತ್ತಿದ್ದರು. ಮಾವ ಮಂಡಿಗೆ ಹೊರಡುತ್ತಾ ಟೋಪಿ ಹಾಕಿಕೊಂಡವರು ಕೇಳಿದರು, "ಹೇಳಿದ್ಯಾ ಅವ್ಳಿಗೆ?"

"ಇಲ್ಲ" ಎಂದರು ಅತ್ತೆ. "ಹೇಳದೂ ಇಲ್ಲ. ಅವ್ಳು ಇಲ್ಲೇ ಇರ್ಲಿ."

"ಯಾಕೆ?"

"ಸುಮ್ಕೆ."

ನಾನು ಸೌಟು ಹಿಡಿದು ಹಾಗೇ ನಿಂತೆ. ಮಾವ ಕಾದರು. ವ್ಯಾಪಾರಸ್ಥರು, ಒಂದು ಮಾತಿನ ಹಿಂದೆ ಇನ್ನೊಂದು ಮಾತು ಇದ್ದೇ ಇರುತ್ತದೆ ಎಂದು ತಿಳಿದವರು. ಹಿಂದೆ ಏನೂ ಬರಲಿಲ್ಲ. ಅತ್ತೆ ತರಕಾರಿ ಹೆಚ್ಚುತ್ತಲೇ ಇದ್ದರು. ಅಷ್ಟು ವರ್ಷದ ಸಂಸಾರದಲ್ಲಿ ಅತ್ತೆ ಕಾರಣ ಕೊಡದೆ ಏನಾದರೂ ಹೇಳಿದ್ದು ಅದೇ ಮೊದಲೆಂದು ಕಾಣುತ್ತದೆ. ಅದಕ್ಕೆ ಎದುರುವಾದ ಹೇಗೆ ಮಾಡಬೇಕೆಂದು ಮಾವನವರಿಗೆ ತಿಳಿಯಲಿಲ್ಲ. ಟೋಪಿ ಸರಿಮಾಡಿಕೊಂಡು ಹೊರಟುಹೋದರು.

ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂದು ಊರಿನವರೇ ನಂಬರ್ ತಿರುಗಿಸಿಕೊಳ್ಳುವಂತಾಗಿ, ಫೋನಮ್ಮನಿಗೆ ಬೇರೆ ಊರಿಗೆ ವರ್ಗವಾಗುವವರೆಗೂ ಅವರು ಅದೇ ರೂಮಿನಲ್ಲಿದ್ದರು. ನಾದಿನಿಗೆ ಸಿರಾದಲ್ಲಿ ಒಳ್ಳೆಯ ಮನೆ ಸಿಕ್ಕಿತು. ಆ ಮದುವೆಯಲ್ಲಿ ಹೂ ಮುಡಿಸಿದವರು ಫೋನಮ್ಮ. ಏಳು ಬೆಟ್ಟ ಯಾವಾಗಲೋ ದಾಟಿತ್ತು. ಎಂಟನೆಯದು ಯಾವುದು ಎಂದು ಯಾರೂ ಲೆಕ್ಕ ಇಡಲಿಲ್ಲ. ಬೀದಿಯವರು ಕೇಳುವುದನ್ನು ಬಿಡಲಿಲ್ಲ, ಆದರೆ "ಸುಮ್ಮನೆ" ಎಂದರೆ "ಹೂಂ, ಹೋಗ್ಬಾ" ಎನ್ನುವಷ್ಟಾದರು. ಬೀದಿಯವರು ಹತ್ತಿದ ದೊಡ್ಡ ಬೆಟ್ಟ ಎಂದರೆ ನನ್ನ ಮಟ್ಟಿಗೆ ಅದೇ.

ಅತ್ತೆ ಮಾವನವರಿಗೆ "ಸುಮ್ಕೆ" ಎಂದ ಆ ದಿನ ಮಿಡಿಗೇಶಿಯ ಮೇಲೆ ಅಕಾಲದ ಮಳೆ ಹೊಯ್ದಿತಂತೆ. ಮಧ್ಯಾಹ್ನ ಫೋನಮ್ಮ ತೊಯ್ದು ತೊಪ್ಪೆಯಾಗಿ ಬಂದು, ಶೂ ತೊಳೆದು, ಎಂದಿನಂತೆ ನೆರಳಿನ ಗೋಡೆಯ ಮೇಲಿಟ್ಟು ಒಳಗೆ ಹೋದರು. ಊರಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನಾನು ನೀರು ಕಾಯಿಸಲು ಇಟ್ಟು, ಬೆಲ್ಲ ಕುಟ್ಟುತ್ತಾ, ಅಡುಗೆಮನೆಯ ಕಿಟಕಿಯಿಂದ ಹಿತ್ತಲು ನೋಡಿದೆ.

ಅತ್ತೆ ಗೋಡೆಯ ಹತ್ತಿರ ನಿಂತಿದ್ದರು. ಸುತ್ತ ಒಮ್ಮೆ ನೋಡಿದರು. ಎರಡು ಬೆರಳಿನಲ್ಲಿ, ಲೇಸು ಮಾತ್ರ ಹಿಡಿದು, ಶೂಗಳನ್ನು ಮೈಯಿಂದ ದೂರ ಚಾಚಿಕೊಂಡು ಕಲ್ಲುಕಟ್ಟೆಗೆ ತಂದರು. ಆಮೇಲೆ ಒಂದು ಸಾಲು ಹಪ್ಪಳವನ್ನು ಒಂದೊಂದಾಗಿ ಎತ್ತಿ ಆಚೆ ಸರಿಸಿ, ಬಿಸಿಲು ಗಟ್ಟಿಯಾಗಿ ಬೀಳುವ ಜಾಗ ನೋಡಿ, ಎರಡನ್ನೂ ಪಕ್ಕಪಕ್ಕ ಬೋರಲು ಹಾಕಿದರು.